ಮೂರನೆಯವನ ಪಾಳಿ

"ಅದಕ್ಕ ಕೈ ಹಚ್ಚಬ್ಯಾಡ್ರಿ!"

ನಂದಿನಿ ಕೂಗಿದ ರಭಸಕ್ಕೆ ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಜಾರಿ ಬಿತ್ತು.

ಬಳ್ಳಾರಿಯ ಸತ್ಯನಾರಾಯಣಪೇಟೆ, ಇಂದಿರಾಬಾಯಿ ಟೀಚರ್ ಮನೆಯ ಪಡಸಾಲೆ. ಮೇಜಿನ ಮೇಲೆ ನಲವತ್ತು ವರ್ಷದ ಹಿಂದಿನ ಕಂಪ್ಯೂಟರ್. ಕೀಬೋರ್ಡಿನ ಹೊಟ್ಟೆಯಲ್ಲೇ ಇಡೀ ಯಂತ್ರ, ಮನೆಯ ಟಿವಿಗೆ ಜೋಡಿಸಿ ನೋಡುವಂಥದ್ದು. ದೇಶನೂರಿನ ಹುಡುಗಿ ನಂದಿನಿ ಮೊದಲ ಸಲ ಕಂಪ್ಯೂಟರ್ ಮುಟ್ಟಿದ್ದು ಇದನ್ನೇ.

"ನಾನು ಅಮರೇಶ್ ರೀ. ಸಿರುಗುಪ್ಪದಾಗ ರಿಪೇರಿ ಅಂಗಡಿ ಐತಿ. ದಾಕ್ಷಾಯಣಿ ಮೇಡಂ ನೋಡ್ಕೊಂಡು ಬಾ ಅಂದ್ರು."

ದಾಕ್ಷಾಯಣಿ ಕುರುಗೋಡಿನಲ್ಲಿ ಮಕ್ಕಳ ವಿಜ್ಞಾನ ಕೇಂದ್ರ ನಡೆಸುವಾಕೆ. ಟೀಚರ್ ಮನೆ ಖಾಲಿ ಮಾಡುತ್ತಿದ್ದರು, ಯಂತ್ರಕ್ಕೆ ಜಾಗ ಬೇಕಿತ್ತು. ದಾಕ್ಷಾಯಣಿ ಹಾಕಿದ್ದು ಒಂದೇ ಷರತ್ತು: ಒಂದೇ ಸಲಕ್ಕೆ ಮೂರು ಮಕ್ಕಳು ಬಳಸುವಂತಿದ್ದರೆ ಇಟ್ಟುಕೊಳ್ಳುತ್ತೇನೆ, ಇಲ್ಲದಿದ್ದರೆ ಗುಜರಿಗೆ!

"ಇದು ಒಬ್ಬರಿಗೇ ಅಂತ ಮಾಡಿದ್ದು. ಮೂವರಿಗೆ ಆಗಂಗಿಲ್ರಿ," ಅಂದ ಅಮರೇಶ್.

"ಆಗ್ತೈತಿ!"

"ಆಗಂಗಿಲ್ಲ."

"ಎಂಟು ದಿನ ಕೊಡ್ರಿ. ಮಾಡಿ ತೋರಿಸ್ತೀನಿ!"

ಮೂಗಿನ ತುದಿಯಲ್ಲೇ ಸಿಟ್ಟು ಈ ಹುಡುಗಿಗೆ. ಆದರೆ ಆ ಸಿಟ್ಟಿನ ಹಿಂದೆ ಏನಿತ್ತು ಅಂತ ಅವನಿಗೇನು ಗೊತ್ತು? ಶಾಲೆಯ ಕಂಪ್ಯೂಟರ್ ಮುಂದೆ ಅವಳು ಯಾವಾಗಲೂ ಸಾಲಿನ ಕೊನೆ. ಮುಂದಿನವರು ಎದ್ದು ಇವಳು ಕೂರುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಟೀಚರ್ ಒಬ್ಬರೇ ಅದನ್ನು ಗಮನಿಸಿ, ಭಾನುವಾರ ಮನೆಗೆ ಕರೆಸಿ ಈ ಯಂತ್ರದ ಮುಂದೆ ಕೂರಿಸಿದ್ದು.

'ಇದು ಗುಜರಿಗೆ ಹೋದ್ರ ನಾನೇ ಹೋದಂಗ...' ಅಂದುಕೊಂಡಳು.

ಮರುದಿನ ಸಂಜೆ ಅಮರೇಶ್ ಮತ್ತೆ ಬಂದ. ಜೊತೆಗೆ ಮೂರು ಹಳೇ ಟರ್ಮಿನಲ್! ಟರ್ಮಿನಲ್ ಅಂದರೆ ಬರೀ ಪರದೆ ಮತ್ತು ಕೀಬೋರ್ಡು, ಸ್ವಂತ ತಲೆ ಇಲ್ಲದ್ದು.

"ಆಗಂಗಿಲ್ಲ ಅಂತ ತೋರಸಾಕಾದ್ರೂ ಸಾಮಾನು ಬೇಕಲ್ರಿ," ಅಂದ.

ತೋರಿಸಲು ಬಂದವನು ಎಂಟೂ ದಿನ ಬಂದ. ವೈರು ಬೆಸೆದ, ಟೀಚರ್ ಕೊಟ್ಟ ಅವಲಕ್ಕಿ ತಿಂದ, ನಂದಿನಿ ಬೈದರೆ ನಕ್ಕ.

"ತಲಿ ಒಂದೇ ಐತಿ. ಮೂವರಿಗೆ ಹೆಂಗ ಹಂಚ್ತೀರಿ?"

"ನಮ್ಮೂರ ಗದ್ದಿಗೆ ಕಾಲುವಿ ನೀರು ಹಂಚಂಗ! ಒಬ್ಬರ ಪಾಳಿ ಮುಗಿದ ಮ್ಯಾಲೆ ಇನ್ನೊಬ್ಬರದು. ಇದು ಎಷ್ಟು ಜಲ್ದಿ ಸುತ್ತತೈತಿ ಅಂದ್ರ, ನೀರು ನನಗೊಬ್ಬಗೇ ಬರಾಕತ್ತೈತಿ ಅನಸ್ತೈತಿ ಎಲ್ಲರಿಗೂ."

ಅವನು ಅವಳನ್ನೇ ನೋಡುತ್ತ ಕೂತ. ಅವಳ ಎದೆ ಯಾಕೋ ಧಸಕ್ಕೆಂದಿತು... ಛೇ, ಇವನು ಎದುರಾಳಿ ಕಣೇ!

ಕುರುಗೋಡಿನ ಕೇಂದ್ರದಲ್ಲಿ ಪರೀಕ್ಷೆಯ ದಿನ. ಅಂಗಳದಲ್ಲಿ ಗುಜರಿಯವನ ಆಟೋ ಆಗಲೇ ಬಂದು ನಿಂತಿತ್ತು. ಟೀಚರ್, ದಾಕ್ಷಾಯಣಿ, ಅಮರೇಶ್ ಒಂದೊಂದು ಟರ್ಮಿನಲ್ ಮುಂದೆ ಕೂತರು. ನಂದಿನಿ ಟಿವಿ ಪಕ್ಕ ನಿಂತಳು.

ಲೆಕ್ಕಗಳು ಸರಸರ ನಡೆದವು. ದಾಕ್ಷಾಯಣಿ ಹುಬ್ಬೇರಿಸಿದರು. ಕೊನೆಯದೊಂದು ಬಾಕಿ. ಮೂವರೂ ಒಂದೊಂದು ಸಾಲು ಬರೆದು ಎಂಟರ್ ಒತ್ತಬೇಕು, ಅದು ಟಿವಿಯ ಮೇಲೆ ಎಲ್ಲರಿಗೂ ಕಾಣಬೇಕು.

ಅಷ್ಟೇ... ಎಲ್ಲಾ ನಿಂತುಬಿಟ್ಟಿತು!

"ನಾ ಸಾಲು ಬರದು ಎಂಟರ್ ಒತ್ತಿದ್ರೂ ಏನೂ ಬರವಲ್ದು," ಅಂದರು ದಾಕ್ಷಾಯಣಿ.

"ನಂದೂ ಹಂಗೇ ಅದ," ಅಂದರು ಟೀಚರ್.

ಅಮರೇಶ್ ಬಿಳುಚಿಕೊಂಡು ಕೀಬೋರ್ಡಿನಿಂದ ಕೈ ತೆಗೆದ. ಅದನ್ನು ನಂದಿನಿ ನೋಡಿದಳು.

"ನೀವೇ ಏನೋ ಮಾಡೀರಿ! ಆಗಂಗಿಲ್ಲ ಅಂದಿದ್ದು ಖರೇ ಮಾಡಬೇಕಿತ್ತಲ್ಲ ನಿಮಗ!"

"ನಂದಿನಿಯವರ, ನಾನು..."

"ಒಂದ್ ಮಾತೂ ಆಡಬ್ಯಾಡ್ರಿ!"

ಅವನು ತಲೆ ತಗ್ಗಿಸಿ ಹೊರಟುಹೋದ. ದಾಕ್ಷಾಯಣಿ ನಿಟ್ಟುಸಿರು ಬಿಟ್ಟು ಆಟೋದವನನ್ನು ಕರೆದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅಳುತ್ತಲೇ ಪ್ಲಗ್ ಕೀಳಲು ಬಗ್ಗಿದವಳ ಕಣ್ಣು ಅಮರೇಶನ ಪರದೆಗೆ ಬಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದ ಅರ್ಧ ಸಾಲು, ತುದಿಯಲ್ಲಿ ಕರ್ಸರ್ ಮಿಣುಕುತ್ತಿತ್ತು.

'ನಂದಿನಿ, ಈ ಪೆಟ್ಟಿಗಿ ಮೂವರಿಗೆ ಸಾಕಾಗ್ತೈತಿ. ನಾ ಸೋತೆ. ಆದ್ರ ನನಗ...'

ಅಯ್ಯೋ ದೇವರೇ!

ಯಂತ್ರ ಕೆಟ್ಟಿರಲಿಲ್ಲ, ಕಾಯುತ್ತಿತ್ತು! ಪಾಳಿಯವನು ತನ್ನ ಗದ್ದೆಗೆ ನೀರು ಬಿಡುವ ಮಡೆಯನ್ನು ತಾನಾಗಿ ಕಟ್ಟುವವರೆಗೆ ನೀರು ಅವನದೇ, ಬೇರೆಯವರು ಮುಟ್ಟುವ ಹಾಗಿಲ್ಲ. ದೇಶನೂರಿನ ಈ ಪದ್ಧತಿಯನ್ನೇ ಅವಳು ಸಾಲು ಬರೆಯುವ ಪ್ರೋಗ್ರಾಮಿಗೂ ಹಾಕಿದ್ದಳು. ಮೊದಲು ಬರೆಯಲು ಶುರುಮಾಡಿದವನು ಎಂಟರ್ ಒತ್ತುವವರೆಗೆ ಪಾಳಿ ಅವನದು, ಉಳಿದಿಬ್ಬರೂ ಬಾಯಾರಿ ಕೂರಬೇಕು. ತಪ್ಪು ತನ್ನದು. ಬೈಸಿಕೊಂಡವನು ಅವನು!

ಎಂಟರ್ ಅವಳೇ ಒತ್ತಬಹುದಿತ್ತು. ಒತ್ತಲಿಲ್ಲ. ಇನ್ನೊಬ್ಬರ ಮಡೆಗೆ ಕೈ ಹಾಕುವ ಮನೆತನದವಳಲ್ಲ ಅವಳು.

"ಟೀಚರ್, ಆಟೋದವನಿಗೆ ನಿಂದ್ರಾಕ ಹೇಳ್ರಿ!"

ಓಡಿದಳು. ಬಸ್‌ಸ್ಟ್ಯಾಂಡಿನಲ್ಲಿ ಸಿರುಗುಪ್ಪದ ಬಸ್ಸಿಗೆ ಅವನು ಒಂದು ಕಾಲಿಟ್ಟಾಗಿತ್ತು.

"ಅಮರೇಶ್! ಇಳೀರಿ!"

"ಇನ್ನೂ ಬೈಯೋದು ಉಳದೈತೇನ್ರಿ?"

"ತಪ್ಪು ನಂದು. ನಿಮ್ಮ ಸಾಲು ಮುಗಿಲಿ ಅಂತ ಅದು ಕಾಯಾಕತ್ತೈತಿ... ಯಾಕ ಅರ್ಧಕ್ಕ ಬಿಟ್ರಿ?"

ಅವನ ಮುಖ ಕೆಂಪಾಯಿತು. "ಕೈ ಬರದ್ಬಿಡ್ತು. ಎಂಟರ್ ಒತ್ತಿದ್ರ ಟಿವಿ ಮ್ಯಾಲೆ ಎಲ್ಲರೂ ಓದ್ತಿದ್ರು... ಅಳಸಾಕೂ ಮನಸ್ಸು ಬರಲಿಲ್ಲ. ನನ್ನಿಂದ ನಿಂತೈತಿ ಅಂತ ಖರೇನ ಗೊತ್ತಿರಲಿಲ್ಲ ರೀ."

"ಈಗ ಗೊತ್ತಾತಲ್ಲ. ಬಂದು ಮುಗಸ್ರಿ."

"ಎಲ್ಲರ ಮುಂದನಾ?"

"ನಿಮ್ಮನ್ನ ಬೈದದ್ದು ಎಲ್ಲರ ಮುಂದ ಅಲ್ಲೇನು?"

ಅವನು ಬಂದು ಕೂತ. ಮೂರೇ ಪದ ಒತ್ತಿ, ಕಣ್ಣು ಮುಚ್ಚಿ ಎಂಟರ್ ಅಮುಕಿದ.

ಟಿವಿಯ ಮೇಲೆ ಇಡೀ ಸಾಲು ಮೂಡಿತು, ಕೊನೆಯಲ್ಲಿ: 'ಆದ್ರ ನನಗ ನೀವೊಬ್ಬರೇ ಸಾಕು ನಂದಿನಿ.'

ಅದರ ಬೆನ್ನಿಗೇ ಆಗಿನಿಂದ ಕಾದಿದ್ದ ಸಾಲುಗಳೂ ಪಟಪಟ ಬಂದವು. ದಾಕ್ಷಾಯಣಿಯವರದು, 'ಮಕ್ಕಳಿಗೆ ಛಲೋ ಆಗ್ತೈತಿ.' ಟೀಚರ್ ಅವರದು, 'ಈ ಹುಡುಗ ಎಂಟು ದಿನ ಬಂದದ್ದು ವೈರ್ ಸಲುವಾಗಿ ಅಲ್ಲ, ನಂದಿನಿ!'

"ಆಟೋ ವಾಪಸ್ ಕಳಸ್ರಿ," ಅಂದರು ದಾಕ್ಷಾಯಣಿ, ನಗು ತಡೆಯಲಾಗದೆ.

ನಂದಿನಿ ಅವನ ಕುರ್ಚಿಯ ಪಕ್ಕ ಬಂದು ನಿಂತಳು. ಕಣ್ಣು ತುಂಬಿತ್ತು.

"ಪಾಳಿ ಮುಗೀತೇನ್ರಿ?"

"ನಂದು ಮುಗೀತು. ಈಗ ನಿಮ್ದು. ಎಷ್ಟೊತ್ತಾದ್ರೂ ಕಾಯ್ತೀನಿ."

"ಕಾಯೋದೇನೂ ಬ್ಯಾಡ... ಸರೀರಿ ಅತ್ಲಾಗ." ಅವನ ಕುರ್ಚಿಯ ಅಂಚಿನಲ್ಲೇ ಕೂತು, ಅವನದೇ ಕೀಬೋರ್ಡಿನಲ್ಲಿ ಒಂದೇ ಪದ ಒತ್ತಿದಳು.

'ನನಗೂ.'

ಎಂಟರ್ ಒತ್ತಲು ಅವಳು ಒಂದು ಕ್ಷಣವೂ ತಡ ಮಾಡಲಿಲ್ಲ.