ಹೆಬ್ಬೆಟ್ಟಿನ ರಾಜೀನಾಮೆ

2025ರ ಜೂನ್ 30, ಸೋಮವಾರ. ಬೆಳಿಗ್ಗೆ 10.40ಕ್ಕೆ ಇಳಕಲ್ಲಿನ ಠಾಣೆಯ ಮುಂದೆ ಮೂರು ಗಾಲಿಯ ಸ್ಕೂಟರೊಂದು ಬಂದು ನಿಂತಿತು. ಓಡಿಸುತ್ತಿದ್ದವನು ಖಾದರಬಾಷಾ, ಪೋಲಿಯೊದಿಂದ ಎರಡೂ ಕಾಲು ಸೊರಗಿದ್ದ ಮೂವತ್ತೆಂಟರ ಟೇಲರ್. ಹಿಂದೆ ಕುಳಿತಿದ್ದವಳು ಗುರುಲಿಂಗವ್ವ. ಐವತ್ತೆರಡು ವರ್ಷ, ಹುಟ್ಟಿನಿಂದಲೇ ಕಣ್ಣಿಲ್ಲ. ಠಾಣೆಗೆ ಐದು ಮೆಟ್ಟಿಲು ಇದ್ದುದರಿಂದ ಖಾದರಬಾಷಾ ಕೆಳಗೇ ಉಳಿದ. ಅವಳು ಕೋಲು ತಟ್ಟುತ್ತ ಒಬ್ಬಳೇ ಹತ್ತಿ ಬಂದಳು.

ಪಿಎಸ್ಐ ಪ್ರವೀಣಕುಮಾರ ಕುರ್ಚಿ ತೋರಿಸಿದ. ತೋರಿಸಿದ್ದು ಅವಳಿಗೆ ಕಾಣುವುದಿಲ್ಲ ಎಂದು ಹೊಳೆದ ಮೇಲೆ ಎದ್ದು ಬಂದು ಕೈಹಿಡಿದು ಕೂರಿಸಿದ.

"ಏನ ಕಳುವಾಗೈತಿ?"

"ನನ್ನ ಹುದ್ದೆರಿ."

ಅವಳು ಚೀಲದಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟಳು. 'ಸರಿಸಾಟಿ' ಎಂಬ ವಿಕಲಚೇತನರ ಹಕ್ಕುಗಳ ಸಂಸ್ಥೆಗೆ ಏಳು ಮಂದಿಯ ಆಡಳಿತ ಮಂಡಳಿ ಇತ್ತು. ಗುರುಲಿಂಗವ್ವ ಅದರ ಉಪಾಧ್ಯಕ್ಷೆ, ಖಾದರಬಾಷಾ ಸದಸ್ಯ. ಜುಲೈ 20ರ ವಾರ್ಷಿಕ ಸಭೆಯ ನೋಟಿಸನ್ನು ಖಾದರಬಾಷಾ ಅವಳಿಗೆ ಓದಿ ಹೇಳುವಾಗ, ಮಂಡಳಿಯ ಪಟ್ಟಿಯಲ್ಲಿ ಅವಳ ಹೆಸರೇ ಇರಲಿಲ್ಲ. ವಿಚಾರಿಸಿದರೆ, ಜೂನ್ 12ರ ಸಂಜೆ ನಾಲ್ಕಕ್ಕೆ ಇಳಕಲ್ಲಿನ ಸಭೆಯಲ್ಲಿ ನೀನೇ ಖುದ್ದಾಗಿ ರಾಜೀನಾಮೆ ಕೊಟ್ಟಿದ್ದೀಯ, ಪುಸ್ತಕದಲ್ಲಿ ಹಾಗೇ ಇದೆ ಎಂದು ಅಧ್ಯಕ್ಷರು ಹೇಳಿದರಂತೆ. ಆ ಸಭೆಗೆ ಖಾದರಬಾಷಾನಿಗೆ ಕರೆಯೂ ಬಂದಿರಲಿಲ್ಲ. ಮೇಜಿನ ಮೇಲಿದ್ದದ್ದು ಆ ಪತ್ರದ ಜೆರಾಕ್ಸ್. ಕೆಳಗೆ ಹೆಬ್ಬೆಟ್ಟಿನ ಗುರುತಿತ್ತು.

"ನಾ ಹೆಬ್ಬೆಟ್ಟ ಒತ್ತೂದು ಬಿಟ್ಟು ಹನ್ನೊಂದು ವರ್ಷಾತ್ರಿ. ರಟ್ಟಿನ ಪಟ್ಟಿ ಇಟ್ಗೊಂಡು ಸಹಿ ಮಾಡ್ತೇನಿ. ಮತ್ತ ಹನ್ನೆರಡಕ್ಕ ನಾ ಇಳಕಲ್ಲಾಗ ಇರ್ಲೇ ಇಲ್ಲ, ಬಾದಾಮ್ಯಾಗ ತರಬೇತಿ ನಡಸಾಕತ್ತಿದ್ದೆ."

"ನಿಮ್ಮನ್ನ ತಗದ್ರ ಯಾರಿಗೇನ ಲಾಭ?"

"ಇಪ್ಪತ್ತಕ್ಕ ನನ್ನ ಠರಾವು ಮತಕ್ಕ ಬರೂದಿತ್ರಿ. ಅಂಗವಿಕಲರ ಸಂಸ್ಥೆದಾಗ ಅಧ್ಯಕ್ಷ, ಕಾರ್ಯದರ್ಶಿ ಎಲ್ಲಾ ಅಂಗವಿಕಲರ ಆಗಬೇಕು ಅಂತ. ಮಂಡಿಸಿದಾಕೀನ ಇಲ್ಲಂದ್ರ ಠರಾವೂ ಇಲ್ಲ."

"ಯಾರ ಮ್ಯಾಲ ಸಂಶಯ?"

"ಅಧ್ಯಕ್ಷ ಗೋವಿಂದಪ್ಪ. ಖುರ್ಚಿ ಹೋಗ್ತದಲ್ರಿ ಅವಂದು."

ಪ್ರವೀಣಕುಮಾರ ಮೇಲಧಿಕಾರಿಗೆ ಫೋನು ಮಾಡಿದ. ಸಂಘದೊಳಗಿನ ಜಗಳ, ನೋಂದಣಿ ಕಚೇರಿಗೆ ಹೋಗಲು ಹೇಳು ಎಂಬ ಉತ್ತರ ಬಂತು. ನೋಂದಣಿ ಕಚೇರಿಗೆ ಫೋನು ಮಾಡಿದರೆ, ಸಹಿ ಖೋಟಾ ಎಂದಾದರೆ ಅದು ಪೊಲೀಸರ ಕೆಲಸ ಎಂದರು. ಗುರುಲಿಂಗವ್ವ ಮಧ್ಯಾಹ್ನ ಎರಡರವರೆಗೆ ಕೂತೇ ಇದ್ದಳು. ಖಾದರಬಾಷಾ ಬಿಸಿಲಲ್ಲಿ ಸ್ಕೂಟರಿನ ಮೇಲಿದ್ದ. ಕೊನೆಗೆ ಪ್ರವೀಣಕುಮಾರ ದೂರು ತೆಗೆದುಕೊಂಡ. ಮರುದಿನ, ಜುಲೈ 1ರ ಬೆಳಿಗ್ಗೆ 11.30ಕ್ಕೆ, ಖೋಟಾ ದಾಖಲೆ ಸೃಷ್ಟಿ ಮತ್ತು ಬಳಕೆಯ ಕಲಮುಗಳಡಿ ಎಫ್ಐಆರ್ ದಾಖಲಾಯಿತು. ಆರೋಪಿಯ ಅಂಕಣದಲ್ಲಿ 'ಅಪರಿಚಿತ' ಎಂದು ಬರೆಯಲಾಯಿತು.

ಅಂದೇ ಹೆಡ್ ಕಾನ್‌ಸ್ಟೆಬಲ್ ಅಶ್ಫಾಕ ಸಂಸ್ಥೆಯ ಕಚೇರಿಗೆ ಹೋಗಿ ಇಬ್ಬರು ಪಂಚರ ಸಮಕ್ಷಮ ಮೂಲ ಪತ್ರವನ್ನೂ ಸಭಾ ನಡಾವಳಿ ಪುಸ್ತಕವನ್ನೂ ಜಪ್ತಿ ಮಾಡಿದ. ಕಡತ ತೆಗೆದುಕೊಟ್ಟವನು ಕಾರ್ಯದರ್ಶಿ ಅಮಾತೆಪ್ಪ, ಅರವತ್ತೊಂದರ ನಿವೃತ್ತ ಮೇಷ್ಟ್ರು. ಇಪ್ಪತ್ತೊಂದು ವರ್ಷದ ಹಿಂದೆ ಸಂಸ್ಥೆ ಕಟ್ಟಿದವನೇ ಅವನು. ಪಂಚರಿಗೂ ಚಹಾ ತರಿಸಿದ. "ಗುರುಲಿಂಗವ್ವ ಮನಸಿಗೆ ಹಚ್ಗೊಂಡಾಳ್ರಿ, ಕೊಟ್ಟ ಮ್ಯಾಲ ಪಶ್ಚಾತ್ತಾಪ ಆಗಿರಬೇಕು," ಎಂದ.

ಅಶ್ಫಾಕನಿಗೆ ಗೋವಿಂದಪ್ಪ ಸಿಕ್ಕಿದ್ದು ತನ್ನ ಪವರ್‌ಲೂಮ್ ಶೆಡ್ಡಿನಲ್ಲಿ. ಮಗ್ಗಗಳ ಸದ್ದಿನಲ್ಲಿ ಪ್ರಶ್ನೆಯನ್ನು ಎರಡೆರಡು ಸಲ ಕೂಗಬೇಕಾಯಿತು.

"ಹನ್ನೆರಡಕ್ಕ ಸಭಾಕ್ಕ ಹೋಗಿದ್ರ್ಯಾ?"

"ನೆನಪಿಲ್ಲ. ಮಾಸ್ತರ್ ಪುಸ್ತಕ ತಂದ್ರು, ಸಹಿ ಮಾಡಿದೆ. ಯಾವಾಗ್ಲೂ ಹಂಗ."

"ಓದಲಿಲ್ಲಾ?"

"ನಾ ಸೀರಿ ವ್ಯಾಪಾರ ಮಾಡವ್ರಿ. ದೇಣಿಗಿ ಕೊಡ್ತೇನಿ, ಹೆಸರು ಬೋರ್ಡಿನ್ಯಾಗ ಇರ್ತೈತಿ. ಕಣ್ಣಿಲ್ಲದಾಕಿ ಕುಂತು ಸಂಸ್ಥೆ ನಡಸ್ತಾಳೇನ್ರಿ? ಬಿಟ್ಟದ್ದ ಚಲೋ ಆತು."

ಅಶ್ಫಾಕನಿಗೆ ಅಲ್ಲೇ ಅವನನ್ನು ಎಳೆದು ತರಬೇಕೆನಿಸಿತು. ಆದರೆ ಒರಟು ಮಾತಿಗೆ ಯಾವ ಕಲಮೂ ಇರಲಿಲ್ಲ.

ನಡಾವಳಿ ಪುಸ್ತಕದ ಪ್ರಕಾರ ಆ ಸಭೆಯಲ್ಲಿದ್ದ ಇನ್ನೊಬ್ಬ ಸದಸ್ಯೆ ಚೇತನಾ. ಇಪ್ಪತ್ತಾರು ವರ್ಷ, ಮಗ್ಗದ ಮನೆಯ ಹುಡುಗಿ, ಕಿವಿ ಕೇಳಿಸದು, ಮಾತಿಲ್ಲ. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವಳು, ತನ್ನ ಹೆಸರಿಗಿಂತ ಹೆಚ್ಚು ಬರೆಯಲು ಬರುತ್ತಿರಲಿಲ್ಲ. ಜುಲೈ 2ರ ಸಂಜೆ 4 ಗಂಟೆಗೆ ಠಾಣೆಯಲ್ಲಿ ಅವಳ ಹೇಳಿಕೆ ಪಡೆಯಲಾಯಿತು. ಸನ್ನೆ ಭಾಷೆ ಬಲ್ಲವರು ಯಾರು ಎಂದು ಕೇಳಿದರೆ ಊರೆಲ್ಲ ಒಂದೇ ಹೆಸರು ಹೇಳಿತು: ಅಮಾತೆಪ್ಪ ಮಾಸ್ತರ್. ಅವನೇ ಬಂದು ದುಭಾಷಿಯಾಗಿ ಕುಳಿತ. ನಿಯಮದಂತೆ ಅಶ್ಫಾಕ ಮೊಬೈಲಿನಲ್ಲಿ ಎಲ್ಲವನ್ನೂ ಚಿತ್ರೀಕರಿಸಿದ.

ಚೇತನಾಳ ಕೈಗಳು ಬಹಳ ಹೊತ್ತು ಆಡಿದವು. ಅಮಾತೆಪ್ಪ ಚುಟುಕಾಗಿ ಹೇಳಿದ:

"ಹೌದಂತಾಳ್ರಿ. ಗುರುಲಿಂಗವ್ವ ಸಭಾದಾಗ ಬಂದು ಪತ್ರ ಕೊಟ್ಟಳಂತ. ತಾನು ನೋಡೇನಿ ಅಂತಾಳ."

ಜುಲೈ 4ರಂದು ಅಶ್ಫಾಕ ಬಸ್ಸು ಹತ್ತಿ ಬಾದಾಮಿಗೆ ಹೋದ. ಜೂನ್ 12ರ ತರಬೇತಿಯ ಹಾಜರಿ ಪುಸ್ತಕದಲ್ಲಿ ಗುರುಲಿಂಗವ್ವನ ಸಹಿ ಇತ್ತು. ಸಂಜೆ 4.20ಕ್ಕೆ ತೆಗೆದ ಗುಂಪು ಫೋಟೊದಲ್ಲಿ ನಡುವೆ ಅವಳೇ ನಿಂತಿದ್ದಳು. ಪ್ರಕರಣ ಮುಗಿದಂತೆಯೇ ಎಂದುಕೊಂಡು ಅವನು ಮರಳಿದ.

ಮೂಲ ಪತ್ರವನ್ನೂ ಗುರುಲಿಂಗವ್ವನ ಬೆರಳಚ್ಚಿನ ಮಾದರಿಯನ್ನೂ ಕಳಿಸಿದ್ದ ಬಾಗಲಕೋಟೆಯ ಬೆರಳು ಮುದ್ರೆ ಘಟಕದಿಂದ ಜುಲೈ 7ರಂದು ವರದಿ ಬಂತು. ಪತ್ರದ ಮೇಲಿನ ಹೆಬ್ಬೆಟ್ಟು ಗುರುಲಿಂಗವ್ವನದೇ ಆಗಿತ್ತು.

ಮೇಲಧಿಕಾರಿ ಫೋನಿನಲ್ಲಿ ನಕ್ಕ. "ಮೊದ್ಲ ಬರಕೊಟ್ಟು ಬಾದಾಮಿಗೆ ಹೋಗಿರ್ತಾಳ. ಸುಳ್ಳು ದೂರು ಅಂತ ಬಿ ರಿಪೋರ್ಟ್ ಹಾಕಿ ಮುಗಸು."

ಪ್ರವೀಣಕುಮಾರ ಗುರುಲಿಂಗವ್ವನನ್ನು ಕರೆಸಿದ. ಈ ಸಲ ಕೈಹಿಡಿದು ಕೂರಿಸಲಿಲ್ಲ.

"ಹೆಬ್ಬೆಟ್ಟು ನಿಮ್ದ ಐತಿ. ಒಂದು ವಾರ ನಮ್ಮನ್ನ ಊರೂರು ತಿರುಗಿಸಿದ್ರಿ."

ಅವಳು ಬಲಗೈಯ ಹೆಬ್ಬೆರಳನ್ನು ಎಡಗೈಯಿಂದ ತೀಡುತ್ತ ಕುಳಿತಳು.

"ಎಲ್ಲೆ ಒತ್ತೀರಿ, ನೆನಪ ಮಾಡ್ಕೋರಿ."

"ಮೇ ತಿಂಗಳದಾಗ ಒಮ್ಮೆ ನಾಕು ಹಾಳಿ ಮ್ಯಾಲ ಒತ್ತೇನ್ರಿ. ಅಂಗವಿಕಲರ ಕಾರ್ಡ್ ಹೊಸಾದು ಮಾಡಸಾಕ ಹೆಬ್ಬೆಟ್ಟ ಬೇಕಂತ... ಆದ್ರ ಒತ್ತಿಸಿಕೊಂಡವ್ರು ಮೋಸದ ಮನಶ್ಯಾ ಅಲ್ರಿ. ಅವ್ರು ಹಂಗಿಲ್ಲ."

"ಯಾರವ್ರು?"

"ಅಮಾತೆಪ್ಪ ಸರ್."

ಅಶ್ಫಾಕ ಎದುರಿನ ಸೇವಾ ಕೇಂದ್ರಕ್ಕೆ ಹೋಗಿ ಹತ್ತು ನಿಮಿಷದಲ್ಲಿ ಮರಳಿದ. ಕಾರ್ಡಿನ ನವೀಕರಣ ಪೂರ್ತಿ ಆನ್‌ಲೈನ್, ಕಾಗದದ ಮೇಲೆ ಹೆಬ್ಬೆಟ್ಟು ಬೇಕಿಲ್ಲ. ಗುರುಲಿಂಗವ್ವನ ಅರ್ಜಿಯೇ ಸಲ್ಲಿಕೆಯಾಗಿರಲಿಲ್ಲ.

ಅದನ್ನು ಕೇಳಿದ ಮೇಲೂ ಅವಳು, "ಇನ್ನೊಮ್ಮೆ ನೋಡ್ರಿ," ಎಂದಳು.

ಪ್ರವೀಣಕುಮಾರನ ಸಿಟ್ಟು ಈಗ ತನ್ನ ಮೇಲೆಯೇ ತಿರುಗಿತ್ತು. ಚೇತನಾಳ ಹೇಳಿಕೆಯನ್ನು ಬರೆಸಿದ್ದು ಅಮಾತೆಪ್ಪನ ಬಾಯಿ. ಆ ಹುಡುಗಿ ಏನು ಹೇಳಿದ್ದಳೋ ಠಾಣೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ಬೇರೆ ದುಭಾಷಿ ಬೇಕೆಂದು ಅವನು ಜಿಲ್ಲೆಯೆಲ್ಲ ಹುಡುಕಿದ. ಒಬ್ಬರು ರಜೆಯಲ್ಲಿದ್ದರು. ಇನ್ನೊಬ್ಬರು ಮೇಲಿನ ಅನುಮತಿ ಪತ್ರ ಕೇಳಿದರು, ಪತ್ರ ಹೋಗಿ ಬರಲು ನಾಲ್ಕು ದಿನ. ಹುನಗುಂದದಲ್ಲಿ ಒಬ್ಬ ಸಿಕ್ಕ, ಅವನಿಗೆ ಬರುತ್ತಿದ್ದುದು ಅಕ್ಷರ ತೋರಿಸುವ ಸನ್ನೆ ಮಾತ್ರ. ನಡುವೆ ಎರಡು ದಿನ ಮಂತ್ರಿಯೊಬ್ಬರ ಪ್ರವಾಸದ ಬಂದೋಬಸ್ತಿಗೆ ಠಾಣೆಯೇ ಖಾಲಿಯಾಯಿತು. ವಾರ್ಷಿಕ ಸಭೆಗೆ ಉಳಿದದ್ದು ಆರೇ ದಿನ.

ಜುಲೈ 14ರ ಬೆಳಿಗ್ಗೆ 11ಕ್ಕೆ ಬಾಗಲಕೋಟೆಯಿಂದ ಮಹೇಶ್ವರಿ ಬಂದಳು. ಕಿವುಡ ಮಕ್ಕಳಿಗೆ ಹದಿನೈದು ವರ್ಷ ಕಲಿಸಿದ ಶಿಕ್ಷಕಿ. ಕೆಲಸಕ್ಕೆ ರಜೆ ಹಾಕಿ, ತನ್ನದೇ ಖರ್ಚಿನಲ್ಲಿ ಬಂದಿದ್ದಳು.

"ಹುಡಿಗಿ ಜೋಡಿ ಆಮ್ಯಾಲ ಮಾತಾಡ್ತೇನ್ರಿ. ಮೊದ್ಲ ಆ ವಿಡಿಯೊ ಹಚ್ಚರಿ," ಎಂದಳು. "ಸೌಂಡ್ ಬ್ಯಾಡ."

ಸದ್ದಿಲ್ಲದ ಪರದೆಯಲ್ಲಿ ಅಮಾತೆಪ್ಪನ ಕೈ ಆಡಿತು. ಮಹೇಶ್ವರಿ ಓದುತ್ತ ಹೋದಳು.

"ಅವ ಕೇಳ್ತಾನ: ಗುರುಲಿಂಗವ್ವ ನಿನಗ ಗೊತ್ತೇನು? ಹುಡಿಗಿ: ಗೊತ್ತು, ಭಾಳ ಒಳ್ಳೇಕಿ. ಯಾಕ ನನ್ನ ಇಲ್ಲಿ ಕರಸೀರಿ? ಅವ: ಸುಮ್ಮನ, ಹೆದರಬ್ಯಾಡ." ಮಹೇಶ್ವರಿ ಕಣ್ಣು ಕಿರಿದು ಮಾಡಿದಳು. "ಈಗ ಹುಡಿಗಿ ಹೇಳ್ತಾಳ: ಸಭಾ ಯಾಕ ನಡಸೂದಿಲ್ಲ? ಯುಗಾದಿ ಆದ ಮ್ಯಾಲ ಒಂದ ಸಭಾ, ಮೇದಾಗ. ನೀವು ಮನಿಗೆ ಬಂದು ಪುಸ್ತಕದಾಗ ಸಹಿ ತಗೊಂಡ್ರಿ, ತರಬೇತಿ ಹಾಜರಿ ಅಂದ್ರಿ. ತರಬೇತಿ ಯಾವಾಗ?"

"ಅವ ಏನಂದ?"

"ಏನೂ ಅಂದಿಲ್ಲ. ನಿಮ್ಮ ಕಡೆ ತಿರುಗಿ ಬಾಯಿಲೆ ಮಾತಾಡ್ಯಾನ."

ಅಶ್ಫಾಕ ಸದ್ದು ಹಚ್ಚಿದ. 'ತಾನು ನೋಡೇನಿ ಅಂತಾಳ' ಎಂಬ ಮಾತು ಸರಿಯಾಗಿ ಅಲ್ಲಿಗೇ ಬಂತು. ಪ್ರವೀಣಕುಮಾರ ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದ.

ಅಂದೇ ಮಧ್ಯಾಹ್ನ ಮಹೇಶ್ವರಿಯ ಮೂಲಕ ಚೇತನಾಳ ಹೇಳಿಕೆಯನ್ನು ಹೊಸದಾಗಿ ಬರೆದು, ಮತ್ತೆ ಚಿತ್ರೀಕರಿಸಿದರು. ತನ್ನ ಹೆಸರಿನಲ್ಲಿ ಮೊದಲು ಏನು ಬರೆಯಲಾಗಿತ್ತು ಎಂದು ತಿಳಿದಾಗ ಚೇತನಾ ಎದ್ದು ನಿಂತು ಅಶ್ಫಾಕನ ಎದುರಿನ ಹಾಳೆಯನ್ನು ಕಿತ್ತುಕೊಂಡಳು. ಅದನ್ನು ಬಿಡಿಸಿಕೊಳ್ಳಲು ಮಹೇಶ್ವರಿಗೆ ಕಾಲು ಗಂಟೆ ಹಿಡಿಯಿತು.

ಜುಲೈ 15ರ ಬೆಳಿಗ್ಗೆ 9.30ಕ್ಕೆ ಅಮಾತೆಪ್ಪನ ಮನೆಯ ಶೋಧ ನಡೆಯಿತು. ಗೋಡೆಯ ಕಪಾಟಿನ ಮೇಲಿನ ಅರೆಯಲ್ಲಿ ಪ್ಲಾಸ್ಟಿಕ್ ಕವರೊಂದು ಸಿಕ್ಕಿತು. ಒಳಗೆ ಮೂರು ಖಾಲಿ ಹಾಳೆ. ಪ್ರತಿಯೊಂದರ ಕೆಳಗೂ ಒಂದು ಹೆಬ್ಬೆಟ್ಟು. ಪಂಚನಾಮೆ ಬರೆಯುವಾಗ ಅಮಾತೆಪ್ಪ ತಾನೇ ಮುಂದೆ ಬಂದು, "ಗುರುಲಿಂಗವ್ವಂದ ಅವು. ಬರಕೋರಿ," ಎಂದ. ಕಣ್ಣಿಲ್ಲದವರಿಗೆ ಸುಳ್ಳು ಹೇಳಿ ಒತ್ತಿಸಿಕೊಂಡ ಹೆಬ್ಬೆಟ್ಟು ಅವರದೇ ಆದರೂ ಕಾನೂನಿನಲ್ಲಿ ಆ ದಾಖಲೆ ಖೋಟಾ. ಜೊತೆಗೆ ಸಾಕ್ಷಿಯ ಮಾತು ತಿರುಚಿದ್ದು ಪೊಲೀಸರ ಕ್ಯಾಮೆರಾದಲ್ಲೇ ಇತ್ತು. 11.10ಕ್ಕೆ ದಸ್ತಗಿರಿ ಪತ್ರಕ್ಕೆ ಅವನು ಸಹಿ ಮಾಡಿದ.

ಠಾಣೆಯಲ್ಲಿ ಪ್ರವೀಣಕುಮಾರ ಕೇಳಿದ. "ಗೋವಿಂದಪ್ಪ ಹೇಳಿದನೇನ?"

"ಅವನಿಗೇನ ಗೊತ್ತು. ಓದದ ಸಹಿ ಮಾಡವ."

"ಮತ್ಯಾಕ ಮಾಡಿದ್ರಿ ಮಾಸ್ತರ?"

ಅಮಾತೆಪ್ಪ ಕನ್ನಡಕ ತೆಗೆದು ಒರೆಸಿದ.

"ನನ್ನ ಮಗಳು ಕಿವುಡಿ ಇದ್ಳು. ಆಕಿ ಸಲುವಾಗಿ ಆ ಭಾಷಾ ಕಲತೆ. ಒಂಬತ್ತು ವರ್ಷಕ್ಕ ಹೋದ್ಳು. ಭಾಷಾ ನನ್ನಲ್ಲೇ ಉಳೀತು, ಮಾತಾಡಾಕ ಯಾರೂ ಇಲ್ಲ. ಅದಕ್ಕ ಸಂಸ್ಥೆ ಕಟ್ಟಿದೆ. ಇವ್ರನ್ನ ಬೆನ್ನ ಮ್ಯಾಲ ಹೊತ್ತು ಕಚೇರಿ ಹತ್ತಿಸೇನ್ರಿ, ಖರೇನ ಬೆನ್ನ ಮ್ಯಾಲ." ಕನ್ನಡಕ ಮತ್ತೆ ಹಾಕಿಕೊಂಡ. "ಮೇ ಸಭಾದಾಗ ಗುರುಲಿಂಗವ್ವ ಎದ್ದು, ಸರ್, ಇನ್ನ ನೀವು ಹಿಂದ ಕುಂಡ್ರಿ, ನಾವು ಮುಂದ ಕುಂಡ್ರತೇವಿ ಅಂದ್ಳು. ನಗುನಗತಾನ ಅಂದ್ಳು. ಚೇತನಾ ಎರಡೂ ಕೈ ಮ್ಯಾಲೆತ್ತಿ ಅಳ್ಳಾಡಿಸಿದ್ಳು. ಕಿವಿ ಕೇಳದವ್ರ ಚಪ್ಪಾಳೆ ಅದು. ನಾನ ಕಲಿಸಿದ್ದು. ಮನಿಗೆ ಬಂದೆ, ಊಟ ಸೇರಲಿಲ್ಲ."

ಪ್ರವೀಣಕುಮಾರ ಬರೆದುಕೊಳ್ಳಲಿಲ್ಲ.

ಜುಲೈ 16ರಂದು ಹುನಗುಂದದ ನ್ಯಾಯಾಲಯ ಅಮಾತೆಪ್ಪನನ್ನು ನ್ಯಾಯಾಂಗ ಬಂಧನಕ್ಕೆ ಒಪ್ಪಿಸಿತು. ಗುರುಲಿಂಗವ್ವನ ಹೆಸರು ಮಂಡಳಿಯ ಪಟ್ಟಿಗೆ ಮರಳಲು ನೋಂದಣಿ ಕಚೇರಿ ಕೋರ್ಟಿನ ಆದೇಶ ಕೇಳಿತು. ಆದೇಶಕ್ಕೆ ಎಷ್ಟು ತಿಂಗಳೋ ಯಾರೂ ಹೇಳಲಿಲ್ಲ. 20ರ ಸಭೆ ಮುಂದಕ್ಕೆ ಹೋಯಿತು, ದಿನ ಗೊತ್ತುಮಾಡದೆ.

ಜುಲೈ 16ರಂದೇ ಅಮಾತೆಪ್ಪನನ್ನು ಜೀಪು ಹತ್ತಿಸುವಾಗ ನ್ಯಾಯಾಲಯದ ಅಂಗಳದಲ್ಲಿ ಗುರುಲಿಂಗವ್ವ ಖಾದರಬಾಷಾನ ಸ್ಕೂಟರಿನ ಪಕ್ಕ ನಿಂತಿದ್ದಳು. ಅಶ್ಫಾಕನ ಧ್ವನಿ ಗುರುತಿಸಿ ಕರೆದು, ಔಷಧದ ಪೊಟ್ಟಣವೊಂದನ್ನು ಅವನ ಕೈಗಿಟ್ಟಳು.

"ಅವ್ರಿಗೆ ಸಕ್ಕರಿ ಬ್ಯಾನಿ ಐತ್ರಿ. ಊಟಕ್ಕ ಮೊದ್ಲ ಒಂದು, ಆಮ್ಯಾಲ ಒಂದು. ಹೇಳದಿದ್ರ ಮರೀತಾರ."

"ಹಂಗಾರ ಕೇಸ್ ವಾಪಸ್ ತಗೋತೀರೇನವ್ವಾ?"

"ಇಲ್ರಿ," ಎಂದಳು ಗುರುಲಿಂಗವ್ವ. "ಅದನ್ಯಾಕ ನಾ ವಾಪಸ್ ತಗೋಬೇಕು?"