ಮೂರನೆಯ ಕೂಗು

"ಅಮ್ಮಾ, ಇವತ್ತೊಂದಿನ ಮೆತ್ತಗೆ ಕೂಗು. ಪ್ಲೀಸ್!"

ಅಮ್ಮ ಬಿಳಿ ಯೂನಿಫಾರ್ಮಿನ ಗುಂಡಿ ಹಾಕಿಕೊಳ್ಳುತ್ತಾ ನಕ್ಕಳು. "ಕೂಗೋದೇ ನನ್ನ ಕೆಲಸ ಕಣೇ. ಪಿಸುಗುಟ್ಟೋಕೆ ಯಾರಾದ್ರೂ ಸಂಬಳ ಕೊಡ್ತಾರಾ?"

"ಇಡೀ ಕ್ಲಾಸ್ ಕೋರ್ಟಿಗೆ ಬರ್ತಿದೆ. ಮತ್ತೆ ಎಲ್ಲರೂ ನನ್ನ 'ಮೈಕ್ ಮಗಳು' ಅಂತಾರೆ."

ಅಮ್ಮನ ನಗು ನಿಂತಿತು. "ಆಯ್ತು ಬಿಡು," ಎಂದಳು.

ಕೋರ್ಟಿನ ಬಾಗಿಲಲ್ಲಿ ನಿಂತು ಕೇಸಿನವರನ್ನು ಒಳಗೆ ಕರೆಯುವುದು ಅಮ್ಮನ ಕೆಲಸ. ಅವಳ ಗಂಟಲೋ, ಅಬ್ಬಬ್ಬಾ! ಬೀದಿಯ ಈ ತುದಿಯಲ್ಲಿ ಕೂಗಿದರೆ ಆ ತುದಿಯಲ್ಲಿ ಮಲಗಿದ ನಾಯಿ ಎದ್ದು ಕೂರುತ್ತದೆ. ಹೋದ ವರ್ಷ ಶಾಲೆಯ ಗೇಟಿನಲ್ಲಿ ಒಂದೇ ಒಂದು ಸಲ ಮಗಳನ್ನು ಕರೆದಿದ್ದಳು. ಆ ಅಡ್ಡಹೆಸರಿನ ಕಾಟ ಒಂದು ತಿಂಗಳು ಬಿಟ್ಟಿರಲಿಲ್ಲ.

ಮಗಳ ಕ್ಲಾಸಿನ ಸಮಾಜ ಟೀಚರ್ ಪಾಠವನ್ನು ಪುಸ್ತಕದಲ್ಲೇ ಮುಗಿಸುವವರಲ್ಲ. ಶಾಸಕಾಂಗದ ಪಾಠಕ್ಕೆ ಮೊನ್ನೆ ಕಾನೂನು ಮಾಡುವ ಸಭಾಂಗಣಕ್ಕೆ ಕರೆದೊಯ್ದಿದ್ದರು. ಕಾರ್ಯಾಂಗಕ್ಕೆ ನಿನ್ನೆ ನಗರಪಾಲಿಕೆಯ ದೊಡ್ಡ ಆಫೀಸು. ಅಲ್ಲಿ ಕಮಿಷನರ್ ಸಾಹೇಬರು ಬಂದಾಗ ಇಡೀ ಆಫೀಸೇ ಎದ್ದು ನಿಂತಿತ್ತು. ಇವತ್ತು ನ್ಯಾಯಾಂಗ.

"ಒಬ್ರು ಕಾನೂನು ಮಾಡ್ತಾರೆ, ಒಬ್ರು ನಡೆಸ್ತಾರೆ, ಒಬ್ರು ಸರಿಯಾಗಿ ನಡೀತಾ ಅಂತ ನೋಡ್ತಾರೆ. ಹಾಗಾದ್ರೆ ಬಾಸ್ ಯಾರು ಟೀಚರ್?" ಎಂದು ಕೋರ್ಟಿನ ಮೆಟ್ಟಿಲ ಬಳಿ ಕ್ಲಾಸಿನ ವಾಚಾಳಿ ಹುಡುಗ ಕೇಳಿದ.

"ಬಾಯಿ ಮುಚ್ಕೊಂಡು ಕೂತು ನೋಡು, ಗೊತ್ತಾಗುತ್ತೆ," ಎಂದರು ಟೀಚರ್.

ಒಳಗೆ ಹೋಗುವ ಮುನ್ನ ಹುಡುಗಿ ನೀರು ಕುಡಿಯಲು ಮೊಗಸಾಲೆಯ ತುದಿಗೆ ಹೋದಳು. ನಲ್ಲಿಯ ಪಕ್ಕದ ಬೆಂಚಿನಲ್ಲಿ ಒಬ್ಬ ಅಜ್ಜಿ, ತೊಡೆಯ ಮೇಲೆ ಕಾಗದದ ಕಟ್ಟು.

"ಹೊಲಿಗೆ ಅಂಗಡಿ ಕೇಸು ಕರೆದ್ರಾ ಮಗಾ?"

"ಇಲ್ಲ ಅಜ್ಜಿ," ಎಂದು ಮೂರು ಸಲ ಹೇಳಿದ ಮೇಲೆ ಅಜ್ಜಿಗೆ ಕೇಳಿಸಿತು.

"ನನ್ನ ಕಿವಿ ಮಂದ. ಕಾಲೂ ನೋಯುತ್ತೆ, ಬಾಗಿಲಲ್ಲಿ ನಿಂತ್ಕೊಳ್ಳೋಕಾಗಲ್ಲ. ಪರವಾಗಿಲ್ಲ, ಅಲ್ಲಿ ಕೂಗೋ ಅಮ್ಮನ ಗಂಟಲು ಮಾತ್ರ ನಂಗೆ ಇಲ್ಲಿಗೂ ಕೇಳಿಸುತ್ತೆ."

ಒಳಗೆ ಕಾಲಿಟ್ಟರೆ ಎಂಥ ಮೌನ! ಕತ್ತೆತ್ತಿ ನೋಡಬೇಕಾದಷ್ಟು ಎತ್ತರದ ಚಾವಣಿ. ಎತ್ತರದ ಪೀಠದ ಮೇಲೆ ಕಪ್ಪು ಗೌನಿನ ನ್ಯಾಯಾಧೀಶರು. ವಾಚಾಳಿಯ ಬಾಯಿಗೂ ಬೀಗ ಬಿದ್ದಿತ್ತು. ಹಿಂದಿನ ಬೆಂಚಿನಲ್ಲಿ ಎಲ್ಲರ ಜೊತೆ ಒತ್ತಿಕೊಂಡು ಕೂತಿದ್ದವರು ಯಾರು? ನಿನ್ನೆಯ ಕಮಿಷನರ್ ಸಾಹೇಬರು!

"ಅವ್ರು ಅಜ್ಜಿಯೊಬ್ಬರ ಹೊಲಿಗೆ ಅಂಗಡಿಗೆ ಬೀಗ ಹಾಕ್ಸಿದಾರಂತೆ. ಮೊದಲು ನೋಟಿಸ್ ಕೊಡ್ಬೇಕು ಅಂತ ಕಾನೂನಿದೆ. ಕೊಟ್ಟಿಲ್ಲ ಅನ್ನೋದು ಅಜ್ಜಿಯ ದೂರು," ಎಂದು ಟೀಚರ್ ಪಿಸುಗುಟ್ಟಿದರು.

ಅಷ್ಟರಲ್ಲಿ ಅಮ್ಮ ಚೀಟಿ ಹಿಡಿದು ಬಾಗಿಲಿಗೆ ಬಂದಳು. "ಹೊಲಿಗೆ ಅಂಗಡಿ ಅರ್ಜಿದಾರರು..."

ಮೆತ್ತಗೆ, ಮಗಳಿಗೆ ಮಾತು ಕೊಟ್ಟ ಹಾಗೆಯೇ. ಯಾರೂ ಬರಲಿಲ್ಲ.

ನಲ್ಲಿಯ ಪಕ್ಕದ ಅಜ್ಜಿಗೆ ಇಷ್ಟು ಮೆತ್ತಗೆ ಕೂಗಿದರೆ ಕೇಳಿಸದು ಎಂದು ಹುಡುಗಿಗೆ ಹೊಳೆಯಿತು. ಮೂರು ಸಲ ಕರೆದರೂ ಬರದಿದ್ದರೆ ಅರ್ಜಿ ಅಲ್ಲಿಗೇ ಮುಗಿಯಿತು. ಇದನ್ನು ಅಮ್ಮ ಮನೆಯಲ್ಲಿ ಎಷ್ಟು ಸಲ ಹೇಳಿಲ್ಲ!

ಅಮ್ಮ ಎರಡನೆಯ ಸಲ ಕರೆದಳು. ದನಿ ಒಂದು ಚೂರು ಏರಿತು, ಅಷ್ಟೇ.

"ಗಂಟಲು ಸರಿ ಇಲ್ವೇನಮ್ಮಾ?" ಎಂದು ನ್ಯಾಯಾಧೀಶರು ಪೆನ್ನಿನ ಮುಚ್ಚಳ ತೆಗೆದರು. "ಇನ್ನೊಂದು ಸಲ ಕರೀರಿ. ಬರ್ಲಿಲ್ಲ ಅಂದ್ರೆ ಮುಗೀತು."

ಅಮ್ಮ ಮಗಳ ಕಡೆ ನೋಡಿದಳು. ಬೈಯುವ ನೋಟವಲ್ಲ, ಕೇಳುವ ನೋಟ. ಹುಡುಗಿಗೆ ನಾಚಿಕೆಯಿಂದ ಮುಖ ಬಿಸಿಯಾಯಿತು. ಟೀಚರ್ ಕೈ ಹಿಡಿಯುವ ಮೊದಲೇ ಎದ್ದು ನಿಂತಳು.

"ನಿನ್ನ ಗಂಟಲಲ್ಲೇ ಕೂಗಮ್ಮಾ!"

ಇಡೀ ಕೋರ್ಟು ತಿರುಗಿ ನೋಡಿತು. ನ್ಯಾಯಾಧೀಶರೂ ಕನ್ನಡಕದ ಮೇಲಿಂದ ನೋಡಿದರು. ಅಮ್ಮ ಎದೆ ತುಂಬ ಉಸಿರೆಳೆದುಕೊಂಡಳು.

"ಹೊಲಿಗೆ ಅಂಗಡಿ ಅರ್ಜಿದಾರರೂ..."

ಕಿಟಕಿಯ ಗಾಜು ಝೇಂಕರಿಸಿತು. ಮೊಗಸಾಲೆಯುದ್ದಕ್ಕೂ ಆ ಕೂಗು ಓಡಿತು. ಯಾರೂ ನಗಲಿಲ್ಲ. ದೂರದಿಂದ "ಬಂದೆ ಕಣಮ್ಮಾ, ಬಂದೇ" ಎಂಬ ಸಣ್ಣ ದನಿ ಕೇಳಿತು. ಅಜ್ಜಿ ಕಾಗದದ ಕಟ್ಟನ್ನು ಎದೆಗವಚಿಕೊಂಡು, ಏದುಸಿರು ಬಿಡುತ್ತಾ ಒಳಗೆ ಬಂದರು.

ಅಮ್ಮ ಇನ್ನೊಂದು ಹೆಸರು ಕರೆಯಬೇಕಿತ್ತು. ಅದೇ ಗಂಟಲಲ್ಲಿ ಕರೆದಳು. "ನಗರದ ಕಮಿಷನರೂ..."

'ಸಾಹೇಬರೇ' ಅನ್ನಲೂ ಇಲ್ಲ, 'ಸಾರ್' ಅನ್ನಲೂ ಇಲ್ಲ! ಕಮಿಷನರ್ ಥಟ್ಟನೆ ಎದ್ದು, ಕೋಟಿನ ಗುಂಡಿ ಹಾಕಿಕೊಂಡು ಮುಂದೆ ಬಂದರು. ಅಜ್ಜಿಯ ಪಕ್ಕದಲ್ಲಿ ಕೈಕಟ್ಟಿ ನಿಂತರು.

"ಮೊದಲೇ ನೋಟಿಸ್ ಕೊಟ್ಟಿದ್ರಾ?" ಎಂದು ನ್ಯಾಯಾಧೀಶರು ಕೇಳಿದರು.

ಕಮಿಷನರ್ ಫೈಲು ತಿರುವಿದರು. ಮತ್ತೊಮ್ಮೆ ತಿರುವಿದರು. "ಇಲ್ಲ ಸ್ವಾಮಿ."

"ಹಾಗಾದ್ರೆ ಇವತ್ತೇ ಬೀಗ ತೆಗೆಸಿ."

ಅಜ್ಜಿಗೆ ಅದು ಕೇಳಿಸಲಿಲ್ಲ. ಅಮ್ಮ ಹತ್ತಿರ ಹೋಗಿ ಕಿವಿಯ ಬಳಿ ಬಗ್ಗಿ ಹೇಳಿದಳು. ಅಜ್ಜಿ ಅಮ್ಮನ ಎರಡೂ ಕೈ ಹಿಡಿದುಕೊಂಡುಬಿಟ್ಟರು. ಹುಡುಗಿಗೆ ಯಾಕೋ ಕಣ್ಣು ತುಂಬಿ ಬಂತು. ಇಷ್ಟು ದಿನ ಒಂದೇ ಮನೆಯಲ್ಲಿದ್ದೂ ಅಮ್ಮನನ್ನು ಇವತ್ತೇ ನೋಡಿದಂತಿತ್ತು.

ಮುಂದಿನ ಕೇಸಿನ ಚೀಟಿ ಬಂತು. ವಾಚಾಳಿ ಹುಡುಗ ಇವಳ ಕಡೆ ವಾಲಿ ಏನೋ ಕೇಳಲು ಬಾಯಿ ತೆರೆದ.

"ಶ್! ಸುಮ್ನಿರು," ಎಂದಳು ಅವಳು, ಬಾಗಿಲಿನಿಂದ ಕಣ್ಣು ಕೀಳದೆ. "ನಮ್ಮಮ್ಮ ಕೂಗ್ತಾಳೆ ಈಗ."