ಮುಟ್ಟದೆ ಬಿಟ್ಟ ಶಿರಾ

"ಈ ಕಲ್ಲು ನೋಡ್ರಿ ಮೇಡಂ, ನಲವತ್ತೊಂದು ಅಡಿ ಉದ್ದ ಅದ. ಇದನ್ನ ಬಂಡ್ಯಾಗ ಹೇರಿ, ಸಾಲಾಗಿ ಕೋಣ ಕಟ್ಟಿ…"

ಮಾತು ಅಲ್ಲಿಗೇ ತುಂಡಾಯಿತು.

ನೀರಿನ ಬಾಟಲಿ ಕೊಂಡು ಹಿಂದಿನಿಂದ ಬಂದ ಕಲ್ಯಾಣಿಯನ್ನು ಅವನು ಆಗಷ್ಟೇ ನೋಡಿದ್ದ. ಅವಳೂ ನೋಡಿದಳು. ಬಾಟಲಿಯ ಮುಚ್ಚಳ ಕೈಜಾರಿ ಕೋಟೆಗೋಡೆಯ ಬುಡದವರೆಗೆ ಉರುಳಿಹೋಯಿತು!

ಮೌನೇಶ!

ಅದೇ ಗುಂಗುರು ಕೂದಲು… ಅದೇ ಮೆಲುದನಿ. ಎರಡು ವರ್ಷ ಎಂಟು ತಿಂಗಳಿಂದ 'ಮರೆತೆ, ಮರೆತೆ' ಎಂದು ತನಗೆ ತಾನೇ ಹೇಳಿಕೊಂಡಿದ್ದಳಲ್ಲ, ಒಂದೇ ನೋಟಕ್ಕೆ ಅದೆಲ್ಲ ಸುಳ್ಳಾಯಿತು.

"ಕಲ್ಯಾಣಿ, ನಾ ಹೇಳಿದ ಸರ್ ಇವರೇ. ಕಾಲೇಜಿನಾಗ ಇತಿಹಾಸ ಹೇಳ್ತಾರ. ಭಾನುವಾರ ಯಾರು ಬಂದ್ರೂ ಕೋಟಿ ತೋರಸ್ತಾರ," ಎಂದಳು ಗೆಳತಿ ವಾಹಿದಾ. ಪಾಪ, ಅವಳಿಗೇನು ಗೊತ್ತು!

"ನಮಸ್ಕಾರ್ರಿ…" ಎಂದ ಮೌನೇಶ.

"ನಮಸ್ಕಾರ," ಎಂದಳು ಕಲ್ಯಾಣಿ. ಬೇಕಂತಲೇ 'ರೀ' ನುಂಗಿಕೊಂಡಳು.

ಕಲ್ಯಾಣಿ ದೇವದುರ್ಗದ ಹುಡುಗಿ. ಜಾಲಹಳ್ಳಿಯ ಹೈಸ್ಕೂಲಿನಲ್ಲಿ ಟೀಚರ್. ಎರಡು ದಿನದ ತರಬೇತಿಗೆಂದು ರಾಯಚೂರಿಗೆ ಬಂದು, ವಾಹಿದಾಳ ಮನೆಯಲ್ಲಿ ಉಳಿದಿದ್ದಳು. ಮಧ್ಯಾಹ್ನ ಒಂದೂವರೆಗೆ ಅವಳ ಬಸ್ಸು. ಸಂಜೆಯೊಳಗೆ ಅಪ್ಪ ಮುದುಕಪ್ಪನಿಗೆ ಒಂದು ಉತ್ತರ ಕೊಡಬೇಕಿತ್ತು. ಸಿಂಧನೂರಿನ ಸಂಬಂಧ ಒಂದು ತಿಂಗಳಿಂದ ಕಾದು ಕುಳಿತಿತ್ತು. ಹೂಂ ಎಂದರೆ ಮುಂದಿನ ವಾರವೇ ಸಕ್ಕರೆ ಹಂಚಿ, ಮದುವೆ ಗಟ್ಟಿ ಮಾಡುತ್ತಿದ್ದರು.

'ಹೂಂ ಅಂದುಬಿಡ್ತೀನಿ,' ಎಂದು ಬೆಳಿಗ್ಗೆಯಷ್ಟೇ ತೀರ್ಮಾನ ಮಾಡಿಕೊಂಡಿದ್ದಳು. ಈಗ ನೋಡಿದರೆ, ಯಾವ ಮುಖ ಮರೆಯಬೇಕೆಂದಿದ್ದಳೋ ಅದೇ ಮುಖ ಕಣ್ಣೆದುರು ನಿಂತಿದೆ!

"ಕಲ್ಲು ಎಳೆಯೋ ಚಿತ್ರಾನೂ ಗ್ವಾಡಿ ಮ್ಯಾಲೆ ಕೆತ್ಯಾರ…" ಅವನು ಹೇಳುತ್ತಲೇ ಇದ್ದ. ಕಲ್ಯಾಣಿಯ ಕಣ್ಣು ಕೋಣಗಳ ಸಾಲಿನ ಮೇಲಿತ್ತು. ಮನಸ್ಸು ಮಾತ್ರ ದೇವದುರ್ಗದ ತನ್ನ ಮನೆಯಂಗಳಕ್ಕೆ ಓಡಿತ್ತು.

ಅವತ್ತು ಮಾನವಿ ಕಡೆಯಿಂದ ಅವಳನ್ನು ನೋಡಲು ಬಂದಿದ್ದರು. ಬೇವಿನ ಮರದ ಕೆಳಗೆ ಇಬ್ಬರಿಗೂ ಹತ್ತು ನಿಮಿಷ ಮಾತಾಡಲು ಬಿಟ್ಟಿದ್ದರು.

"ರಾಯಚೂರು ಕೋಟಿ ನೋಡೀರೇನ್ರಿ?" ಎಂದು ಕೇಳಿದ್ದ ಅವನು. ಹೆಣ್ಣು ನೋಡಲು ಬಂದವನು ಕೇಳುವ ಪ್ರಶ್ನೆಯೇ ಅದು?

ಅವಳಿಗೆ ನಗು ಬಂದಿತ್ತು. "ಇಲ್ರಿ. ಬಸ್ಸಿನ್ಯಾಗ ಹೋಗೂ ಮುಂದ ಗ್ವಾಡಿ ಅಷ್ಟ ನೋಡೀನಿ."

"ಹಂಗಾರ ನಾನ ತೋರಸ್ತೀನಿ. ಕೋಟಿ ನೋಡಿ, ಒಗ್ಗರಣಿ ಮಿರ್ಚಿ ತಿಂದು, ಚಾ ಕುಡಿಯೋಣು."

ಹತ್ತೇ ನಿಮಿಷ! ಕಲ್ಯಾಣಿಯ ಮನಸ್ಸು ಅಷ್ಟರಲ್ಲೇ ಕೋಟೆ ಹತ್ತಿ ಇಳಿದಿತ್ತು.

ಆಮೇಲೆ ಪ್ಲೇಟು ಬಂದವು. ಅವರ ಓಣಿಯ ಹಿರಿಯರು ಹೇಳುವ ಪ್ರಕಾರ, ನೋಡಲು ಬಂದವರು ಇಲ್ಲ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಉಪ್ಪಿಟ್ಟು ತಿಂದು, ಸಿಹಿಗೆಂದು ಇಟ್ಟ ಶಿರಾ ಬಿಟ್ಟು ಎದ್ದರೆ, ಹುಡುಗಿ ಮನಸ್ಸಿಗೆ ಬಂದಿಲ್ಲವೆಂದು ಮನೆಯವರೇ ತಿಳಿದುಕೊಳ್ಳಬೇಕು.

ಮೌನೇಶ ಉಪ್ಪಿಟ್ಟು ತಿಂದ. ನೀರು ಕುಡಿದ. ಬೆಳಗಿನಿಂದ ಒಲೆಯ ಮುಂದೆ ನಿಂತು ಕಲ್ಯಾಣಿ ಮಾಡಿದ್ದ ಶಿರಾದ ಮೇಲಿನ ಗೋಡಂಬಿ ಕೂಡ ಅಲುಗಿರಲಿಲ್ಲ!

ಆ ಪ್ಲೇಟನ್ನು ಅವಳೇ ಎತ್ತಿ ಒಳಗೆ ಒಯ್ದಿದ್ದಳು. ಆಮೇಲೆ ಅವಳು ಶಿರಾ ಮಾಡಲೇ ಇಲ್ಲ. ರಾಯಚೂರಿನ ಮೇಲೆ ಬಸ್ಸು ಹೋದಾಗಲೆಲ್ಲ ಕೋಟೆ ಇಲ್ಲದ ಕಡೆಯ ಕಿಟಕಿ ಹುಡುಕಿ ಕೂರುತ್ತಿದ್ದಳು. ಇವತ್ತು ಇಲ್ಲಿಗೆ ಬಂದದ್ದೂ ವಾಹಿದಾಳ ಒತ್ತಾಯಕ್ಕೆ.

"ಮೇಡಂ… ಮೆಟ್ಟಿಲು ಸವದಾವ. ಸಾವಕಾಶ ಬರ್ರಿ."

ಬೆಟ್ಟ ಹತ್ತುತ್ತಿದ್ದರು. ಎತ್ತರದ ಕಲ್ಲಿನ ಹತ್ತಿರ ಮೌನೇಶ ಕೈ ಚಾಚಿದ. ಮತ್ತೆ ಏನೋ ನೆನಪಾದವನಂತೆ ಹಿಂದಕ್ಕೆ ತೆಗೆದುಕೊಂಡ. ಕಲ್ಯಾಣಿ ತಾನೇ ಹತ್ತಿದಳು. ಆ ಕೈ ಇನ್ನೂ ಒಂದು ಕ್ಷಣ ಇರಬಾರದಿತ್ತೇ ಎಂದು ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಮೇಲೆ ಗಾಳಿ ಬೀಸುತ್ತಿತ್ತು. ಕೆಳಗೆ ಮಾವಿನಕೆರೆ, ಅದರಾಚೆ ಊರು.

"ನಮ್ಮ ಕಲ್ಯಾಣಿ ಊರು ಯಾವ ಕಡಿ ಬರ್ತದ ಸರ್? ದೇವದುರ್ಗ?" ವಾಹಿದಾ ಕೇಳಿದಳು.

"ಆ ಕಡಿ." ಅವನ ಬೆರಳು ಒಂದು ಗಳಿಗೆಯೂ ತಡವರಿಸಲಿಲ್ಲ.

"ನಿಮ್ಮೂರು?"

"ನಮ್ದು ಚೀಕಲಪರ್ವಿ… ಮಾನವಿ ಕಡಿ… ತಡೀರಿ…" ಹುಬ್ಬಿಗೆ ಕೈಯಿಟ್ಟು ಹುಡುಕಿದ. ಹುಟ್ಟಿದ ಊರಿನ ದಿಕ್ಕು ಸಿಗಲು ಅವನಿಗೆ ಅಷ್ಟು ಹೊತ್ತು ಬೇಕಾಯಿತು!

ಕಲ್ಯಾಣಿ ಅವನತ್ತ ತಿರುಗಿದಳು. 'ಬ್ಯಾಡ ಅಂತ ಬಿಟ್ಟು ಹೋದವನಿಗೆ ನಮ್ಮೂರ ದಿಕ್ಕು ಯಾಕ ಬೇಕು?'

ಬೆಟ್ಟ ಇಳಿದು ತೀನ್ ಕಂದೀಲ್ ಸರ್ಕಲ್ ಹತ್ತಿರ ಜಮೀರ್ ಭಾಯಿಯ ಸಣ್ಣ ಹೋಟೆಲಿಗೆ ಬಂದಾಗ ಹನ್ನೆರಡಾಗಿತ್ತು. ಬಿಸಿಬಿಸಿ ಮಂಡಕ್ಕಿ ಒಗ್ಗರಣೆ ಬಂತು. ಎಣ್ಣೆಯಿಂದ ಆಗಷ್ಟೇ ತೆಗೆದ ಮಿರ್ಚಿ ಬಂತು. ಕಲ್ಯಾಣಿ ಒಂದು ಮಿರ್ಚಿ ಕಚ್ಚಿದಳು. ಕಣ್ಣಲ್ಲಿ ನೀರು ಬಂತು. ಖಾರದ ನೆಪ ಸಿಕ್ಕಿದ್ದು ಒಳ್ಳೆಯದೇ ಆಯಿತು.

ಕೋಟೆ ನೋಡಿದ್ದಾಯಿತು… ಒಗ್ಗರಣೆ ಮಿರ್ಚಿಯೂ ಆಯಿತು… ಬೇವಿನ ಮರದ ಕೆಳಗೆ ಹೇಳಿದ್ದರಲ್ಲಿ ಇನ್ನು ಚಹಾ ಒಂದೇ ಬಾಕಿ. ಅದನ್ನು ಕುಡಿದರೆ ಬಸ್ಸು, ಬಸ್ಸು ಇಳಿದರೆ ಸಿಂಧನೂರು!

"ಎರಡು ಚಾ, ಸರ್‌ಗೆ ಸಕ್ಕರಿ ಇಲ್ದ ಒಂದು!" ಕೇಳುವ ಮೊದಲೇ ಜಮೀರ್ ಕೂಗಿದ.

ಕಲ್ಯಾಣಿ ತಲೆಯೆತ್ತಿದಳು. ತಡೆದುಕೊಳ್ಳಬೇಕೆಂದಿದ್ದಳು, ಆಗಲಿಲ್ಲ.

"ಸಿಹಿ ಅಂದ್ರ ಆಗಂಗಿಲ್ಲೇನ್ರಿ? ಇಲ್ಲಾ ಮಾಡಿದವರ ಕೈ ಆಗಂಗಿಲ್ಲೋ?"

ಅವನ ಮುಖ ಬಿಳುಚಿಕೊಂಡಿತು. ವಾಹಿದಾ ಇಬ್ಬರನ್ನೂ ನೋಡಿದಳು. ಶಿರಾದ ಕಥೆಯನ್ನು ಕಲ್ಯಾಣಿಯ ಬಾಯಿಂದ ಎಷ್ಟು ಸಲ ಕೇಳಿದ್ದಳೋ! ಹುಡುಗನ ಹೆಸರೊಂದು ತಿಳಿದಿರಲಿಲ್ಲ, ಈಗ ತಿಳಿಯಿತು.

"ಯಾ ಅಲ್ಲಾ…! ನಾ ಬಾಜೂಕ ಬಳಿ ನೋಡ್ಕೊಂಡು ಬರ್ತೀನಿ," ಎಂದು ಎದ್ದು ಹೋದಳು ಜಾಣೆ.

"ಕೈ ಆಗಂಗಿಲ್ಲ ಅಂತ ಯಾರು ಹೇಳಿದ್ರು ನಿಮಗ?" ಎಂದ ಮೌನೇಶ.

"ಪ್ಲೇಟು ಹೇಳ್ತು! ಶಿರಾ ಮುಟ್ಟಲಿಲ್ಲ ನೀವು. ನಮ್ಮಪ್ಪಗ ಎಷ್ಟು ಅವಮಾನ ಆತು ಗೊತ್ತದೇನು?"

"ಅದಕ್ಕ… ಅವತ್ತ ಸಂಜೀಕ ಬ್ಯಾಡ ಅಂತ ಹೇಳಿ ಕಳಿಸಿದ್ರೇನು? ನನಗ ಕೋಟಿ, ಮಿರ್ಚಿ ಅಂತ ಹುಚ್ಚುಚ್ಚಾರ ಮಾತಾಡಿದ್ದಕ್ಕ ನೀವ ಬ್ಯಾಡ ಅಂದ್ರಿ ಅನಿಸಿತ್ತು!"

"ನಾನಾ? ನಾ ಯಾವಾಗ ಅಂದೆ?"

ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಕುಳಿತರು. ಒಬ್ಬೊಬ್ಬರೂ ಇನ್ನೊಬ್ಬರು ಒಲ್ಲೆ ಅಂದರು ಎಂದೇ ನಂಬಿ ಅಷ್ಟು ದಿನ ಕಳೆದಿದ್ದರು!

"ಅವತ್ತ ನಮ್ಮವ್ವ ಹಂಪಮ್ಮ ಲಕ್ವಾ ಹೊಡದು ಹಾಸಿಗ್ಯಾಗ ಇದ್ಲು," ಎಂದ ಮೌನೇಶ ನಿಧಾನವಾಗಿ. "ಆಕಿ ಎದ್ದು ನಡಿಯೋ ತನಕ ಸಿಹಿ ಮುಟ್ಟಂಗಿಲ್ಲ ಅಂತ ದೇವರ ಮುಂದ ಹರಕಿ ಹೊತ್ತಿದ್ದೆ. ಹರಕಿ ತೀರೋ ತನಕ ಬಾಯಿಬಿಡಬಾರದು ಅಂತಾರ ನಮ್ಮ ಮನ್ಯಾಗ. ಆ ಶಿರಾದ ವಾಸನಿ… ಏಲಕ್ಕಿ ಹಾಕಿದ್ರಿ ನೀವು. ಎದ್ದು ಬರೂದು ಎಷ್ಟು ಕಷ್ಟ ಆಗಿತ್ತು!"

ಜಮೀರ್ ಚಹಾ ಇಟ್ಟು ಹೋದ ಮೇಲೆ ಕಲ್ಯಾಣಿ ಕೇಳಿದಳು. "ಈಗ… ಅವ್ವಾರು?"

"ಒಂದು ವರ್ಷದಾಗ ಎದ್ಲು. ಈಗ ದಿನಾ ಹೊಳಿ ದಂಡಿಗೆ ತಾನ ನಡಕೊಂಡು ಹೋಗ್ತಾಳ."

"ಹಂಗಾರ ಹರಕಿ ತೀರ್ತಲ್ಲ! ಮತ್ತ ಇದು?" ಸಕ್ಕರೆ ಇಲ್ಲದ ಅವನ ಚಹಾದ ಗ್ಲಾಸಿನ ಕಡೆ ತೋರಿಸಿದಳು.

ಅವನು ಗ್ಲಾಸನ್ನು ಬೆರಳಿನಿಂದ ತಿರುಗಿಸಿದ.

"ಅವ್ವ ಪೇಡೆ ತಂದು ಬಾಯಿ ತೆರಿ ಅಂದ್ಲು. ಆಗಲಿಲ್ರಿ… ಬಿಟ್ಟು ಎದ್ದದ್ದು ನಿಮ್ಮ ಶಿರಾ. ಶುರು ಮಾಡಿದ್ರ ಆ ಕೈಯಿಂದ ಮಾಡಬೇಕು ಅನಿಸ್ತು. ಸಿಗಂಗಿಲ್ಲ ಅಂತ ಗೊತ್ತಿತ್ತು. ಆದ್ರೂ…"

'ಆದ್ರೂ' ಎಂಬ ಮಾತು ಅಲ್ಲೇ ಉಳಿಯಿತು. ಕಲ್ಯಾಣಿ ಅಳುತ್ತಿದ್ದಳು. ಈ ಸಲ ಮಿರ್ಚಿಯ ನೆಪ ಇರಲಿಲ್ಲ.

ಅಷ್ಟರಲ್ಲಿ ಫೋನು ರಿಂಗಾಯಿತು. ಅಪ್ಪ!

"ಯವ್ವಾ, ಬಸ್ ಹತ್ತಿದೇನು? ಸಿಂಧನೂರಿನವರು ಮತ್ತ ಫೋನ್ ಮಾಡಿದ್ರು. ಏನಂತ ಹೇಳ್ಲಿ?"

ಕಲ್ಯಾಣಿ ಮೌನೇಶನನ್ನು ನೋಡಿದಳು. ಅವನು ಉಸಿರು ಬಿಗಿಹಿಡಿದು ತಲೆ ತಗ್ಗಿಸಿದ್ದ. ಬೇಡಿಕೊಳ್ಳಲಿಲ್ಲ, ತಡೆಯಲೂ ಇಲ್ಲ. ತೀರ್ಮಾನ ಅವಳದಾಗಿತ್ತು.

"ಇಲ್ಲ ಅಂತ ಹೇಳು ಯಪ್ಪಾ."

"ಏನವಾ! ಯಾಕ?"

ಅವಳು ಎಲ್ಲ ಹೇಳಿದಳು. ಹರಕೆ, ಅವ್ವ, ಶಿರಾ… ಅಳುತ್ತ, ತೊದಲುತ್ತ, ಒಂದನ್ನೂ ಬಿಡದೆ.

"ಆ ಪ್ಲೇಟು ಎತ್ಕೊಂಡು ಒಳಗ ಹೋದಾಗ ನಿನ್ನ ಮಾರಿ ನೋಡಿದ್ನೆವಾ," ಎಂದ ಮುದುಕಪ್ಪ. "ನನಗ ತಡಿಲಿಕ್ಕ ಆಗಲಿಲ್ಲ. ಅವರು ಬ್ಯಾಡ ಅನ್ನೂದಕ್ಕಿಂತ ಮೊದಲ ನಾನ ಬ್ಯಾಡ ಅಂದು ಕಳಿಸಿದೆ. ನಿನ್ನ ಒಂದು ಮಾತು ಕೇಳಲಿಲ್ಲ. ತಪ್ಪು ನಂದು ತಾಯಿ…"

"ಯಪ್ಪಾ, ಹಂಗನಬ್ಯಾಡ…"

"ಹುಡುಗ ಅಲ್ಲೇ ಅದಾನೇನು?"

"ಹೂಂ."

"ಅವನ್ನ ಕೇಳು. ಬರೋ ಭಾನುವಾರ ಅವ್ವನ್ನ ಕರ್ಕೊಂಡು ಬಂದ್ರ, ಈ ಸಲ ಪ್ಲೇಟು ಖಾಲಿ ಮಾಡ್ತಾನೇನಂತ!"

ದೊಡ್ಡ ದನಿಯ ಮನುಷ್ಯ ಮುದುಕಪ್ಪ. ಆ ಮಾತು ಪಕ್ಕದ ಟೇಬಲಿನವರೆಗೂ ಕೇಳಿಸಿತು. ಮೌನೇಶನಿಗೆ ಕೇಳಿಸದೇ ಇರುತ್ತದೆಯೇ? ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಬೆರಳ ಸಂದಿಯಿಂದ ಕಣ್ಣೀರು ಇಳಿಯಿತು.

ಕಲ್ಯಾಣಿ ಫೋನಿಟ್ಟು ಕಣ್ಣೊರೆಸಿಕೊಂಡಳು.

"ಜಮೀರ್ ಭಾಯ್, ಸಕ್ಕರಿ ಡಬ್ಬಿ ಕೊಡ್ರಿ."

"ಸರ್‌ಗ? ಸಕ್ಕರಿ?!" ಜಮೀರ್ ಕೈಯಲ್ಲಿದ್ದ ಜಾಲರಿ ಹಾಗೇ ನಿಂತಿತು.

ಡಬ್ಬಿ ಬಂತು. ಅವಳು ಒಂದು ಚಮಚ ಹಾಕಿದಳು. ಅವನ ಮುಖ ನೋಡಿದಳು. ಇನ್ನೊಂದು ಹಾಕಿದಳು. ಮತ್ತೊಂದು ಹಾಕಿ, ಕಲಕಿ, ಗ್ಲಾಸನ್ನು ಅವನ ಮುಂದೆ ಸರಿಸಿದಳು. ಬಳೆ ನೋಡಲು ಹೋಗಿದ್ದ ವಾಹಿದಾ ಬಾಗಿಲಲ್ಲೇ ನಿಂತು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

ಮೌನೇಶ ಒಂದು ಗುಟುಕು ಕುಡಿದ. ಕಣ್ಣು ಮುಚ್ಚಿದ.

"ಕಲ್ಯಾಣಿ…" ಮೊದಲ ಸಲ ಹೆಸರು ಹಿಡಿದು ಕರೆದಿದ್ದ. "ಭಾಳ ಸಿಹಿ ಆಗೇದ್ರಿ."

"ಕುಡೀರಿ. ಎರಡು ವರ್ಷ ಎಂಟು ತಿಂಗಳದ್ದು ಅದ."

"ನಿಮ್ಮ ಬಸ್ಸು?"

"ಇನ್ನೊಂದು ಬರ್ತದ. ನೀವು ಮೊದಲು ಗ್ಲಾಸ್ ಖಾಲಿ ಮಾಡ್ರಿ."

ಅವನು ಖಾಲಿ ಮಾಡಿದ. ತಳದಲ್ಲಿ ಕರಗದೆ ಉಳಿದಿದ್ದ ಸಕ್ಕರೆಯನ್ನೂ ಬಿಡದೆ ಚಮಚದಿಂದ ತೆಗೆದು ತಿಂದು, ಗ್ಲಾಸನ್ನು ಅವಳ ಕಡೆ ವಾಲಿಸಿ ತೋರಿಸಿದ.

"ನೋಡ್ರಿ ಟೀಚರ್… ಏನೂ ಬಿಟ್ಟಿಲ್ಲ."